ನಾಲ್ಕನೇ ಯಂತ್ರದ ಹಸಿರು ಪೊಟ್ಟಣ

ಯೆನ್ ಸುಚೂ ಇಪ್ಪತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದಳು ಎಂದರೆ ಸುಳ್ಳಾಗುತ್ತದೆ. ಕುರ್ಚಿ ನಾಲ್ಕು ಸಲ ಬದಲಾಯಿತು, ಕಂಪ್ಯೂಟರು ಎಂಟು ಸಲ, ಕಿಟಕಿಯ ಪರದೆ ಎಷ್ಟು ಸಲವೋ ದೇವರಿಗೇ ಗೊತ್ತು. ಬದಲಾಗದೆ ಉಳಿದವಳು ಅವಳೊಬ್ಬಳೇ. ಕೀಲುಂಗ್ ಬಂದರಿನ ಗೇಟಿನ ಎದುರು, ಮೀನುಂಡೆ ಸಾರಿನ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಕೋ ಅವರ ಕಸ್ಟಮ್ಸ್ ಏಜೆನ್ಸಿ. ಹಡಗಿನಲ್ಲಿ ಬಂದ ಸರಕಿನ ವಿವರವನ್ನು ಕಂಪ್ಯೂಟರಿಗೆ ಹೊಡೆದು ಸುಂಕದ ಕಚೇರಿಗೆ ಕಳಿಸುವುದು ಅವಳ ಕೆಲಸ. ಅಲ್ಲಿಂದ ಒಪ್ಪಿಗೆ ಬಂದರೆ ಸರಕು ಗೇಟು ದಾಟುತ್ತದೆ, ಬರದಿದ್ದರೆ ಅಲ್ಲೇ ಬಿದ್ದಿರುತ್ತದೆ.

ಆ ವರ್ಷ ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ಅವಳ ಮೇಜಿನ ಮೇಲೆ ಒಂದು ಹಾಳೆ ಬಂದು ಕೂತಿತು. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುವ ಅರ್ಜಿ’. ಹೆಸರು, ವಯಸ್ಸು ಐವತ್ತಾರು, ಸೇರಿದ ದಿನಾಂಕ ಎಲ್ಲವನ್ನೂ ಕಚೇರಿಯವರೇ ತುಂಬಿಟ್ಟಿದ್ದರು. ಕೊನೆಯಲ್ಲಿ ಸಹಿಯ ಬದಲು ಹೆಸರಿನ ಮುದ್ರೆ ಒತ್ತುವ ಚೌಕ ಮಾತ್ರ ಖಾಲಿ. ಸೋಮವಾರ ಸಂಜೆ ಐದರೊಳಗೆ ಒತ್ತಿ ಕೊಡಬೇಕಂತೆ. ಸ್ವಂತ ಇಚ್ಛೆಯಂತೆ! ಇಚ್ಛೆ ಅವರದು, ಮುದ್ರೆ ಇವಳದು. ಸುಚೂ ಹಾಳೆಯನ್ನು ಎರಡು ಸಲ ಓದಿ ಮೇಜಿನ ಗಾಜಿನ ಕೆಳಗೆ ಸೇರಿಸಿದಳು.

ಇದಕ್ಕೆಲ್ಲ ಕಾರಣ ಒಂದು ಪರೀಕ್ಷೆ. ಕಚೇರಿಯ ಏಳೂ ಕಂಪ್ಯೂಟರುಗಳಲ್ಲಿ ವಿಂಡೋಸಿನ ಹತ್ತನೆಯ ಅವತಾರ ನಡೆಯುತ್ತಿತ್ತು. ಇನ್ನು ಮುಂದೆ ಅದರ ಆರೈಕೆ ಇಲ್ಲ, ಹನ್ನೊಂದನೆಯದಕ್ಕೆ ಹೋಗಿ ಎಂದು ಊರಿಗೆಲ್ಲ ಸುದ್ದಿಯಾಗಿತ್ತು. ಈ ಕೆಲಸಕ್ಕೆಂದೇ ಮಾಲೀಕ ಕೋ ಅವರು ಹೊಸ ಮ್ಯಾನೇಜರನ್ನು ತಂದರು. ಫಾನ್ ಪೋಯೂ ಎಂದು ಹೆಸರು. ಮೂವತ್ತಮೂರರ ಪ್ರಾಯ, ಶಿಂಚೂ ಕಡೆ ದೊಡ್ಡ ಕಾರ್ಖಾನೆಯಲ್ಲಿ ಪಳಗಿ ಬಂದವನು, ಮಾತು ಬಲು ಮೆತ್ತಗೆ. ಐವತ್ತು ದಾಟಿದವರಿಗೆ ಹೊಸದು ತಲೆಗೆ ಹತ್ತುವುದಿಲ್ಲ ಎಂದು ಅವನು ಎಲ್ಲೋ ಓದಿದ್ದನಂತೆ. ಕಚೇರಿಯಲ್ಲಿ ಐವತ್ತು ದಾಟಿದ ನೌಕರರು ಎಷ್ಟು ಜನ? ಒಬ್ಬಳು. ಆ ಒಬ್ಬಳು ದಾಟುತ್ತಾಳೋ ಇಲ್ಲವೋ ನೋಡಲು ಎಲ್ಲರಿಗೂ ಪರೀಕ್ಷೆ.

ಹೊಸ ಪರದೆಯ ಚಿತ್ರ ಕೊಟ್ಟು, ಇಂಥ ಕೆಲಸಕ್ಕೆ ಎಲ್ಲಿ ಒತ್ತಬೇಕು, ಗುರುತು ಹಾಕಿ ಎಂದು ಪ್ರಶ್ನೆ. ಸುಚೂಗೆ ನೂರಕ್ಕೆ ನಲವತ್ತಾರು ಬಂತು. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಅವಳು ಚಿತ್ರದ ಮೇಲೆ ಗುರುತೇ ಹಾಕಿರಲಿಲ್ಲ. ಪಕ್ಕದಲ್ಲಿ ಯಾವ ಕೀಲಿಯ ಜೊತೆ ಯಾವ ಕೀಲಿ ಒತ್ತಬೇಕು ಎಂದು ಬರೆದಿಟ್ಟಿದ್ದಳು.

“ಸುಚೂ ಅಕ್ಕ, ಇದು ಉತ್ತರ ಅಲ್ಲ,” ಎಂದ ಫಾನ್. “ಎಲ್ಲಿ ಕ್ಲಿಕ್ ಮಾಡ್ಬೇಕು ಅಂತ ಕೇಳಿರೋದು.”

“ಕ್ಲಿಕ್ಕೇ ಬೇಡ ಅಂತ ತಾನೇ ನಾನು ಬರ್ದಿರೋದು? ನೀವು ಮೌಸ್ ಎಳ್ಕೊಂಡು ಆ ಮೂಲೆ ಮುಟ್ಟೋ ಹೊತ್ತಿಗೆ ನಾನು ಕೆಲ್ಸ ಮುಗ್ಸಿ ಟೀ ಕುಡ್ದಿರ್ತೀನಿ.”

“ಮಾದರಿ ಉತ್ತರದಲ್ಲಿ ಅದಕ್ಕೆ ಅಂಕ ಇಲ್ಲ ಅಕ್ಕ.”

“ಮಾದರಿ ಉತ್ತರ ಬರ್ದೋರು ಯಾರು?”

“ನಾನೇ.”

“ಹಂಗಾದ್ರೆ ನಾನು ಕೊಡಲ್ಲ ಅಂತ ಹೇಳಿ. ಇಲ್ಲ ಅಂತ ಯಾಕೆ ಹೇಳ್ತೀರಾ?”

ಪಕ್ಕದ ಮೇಜಿನ ತೂ ಶಿನ್‌ಪೇ ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿ, ಬೀಳದ ಪೆನ್ನನ್ನು ಹುಡುಕತೊಡಗಿದಳು. ಮೂವತ್ತು ವರ್ಷದ ಈ ಹುಡುಗಿಗೆ ಸುಚೂವೇ ಕೆಲಸ ಕಲಿಸಿದವಳು. ಪರೀಕ್ಷೆಯಲ್ಲಿ ಅವಳಿಗೆ ತೊಂಬತ್ತೆರಡು ಬಂದಿತ್ತು, ಅದಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು.

ತಲೆಗೆ ಹತ್ತುವುದಿಲ್ಲವಂತೆ! ಇದನ್ನು ಯಾರಿಗೆ ಹೇಳುತ್ತಿದ್ದಾರೆ ಸ್ವಾಮಿ? ಸುಚೂ ಸೇರಿದಾಗ ಕಚೇರಿಯಲ್ಲಿದ್ದದ್ದು ಕಪ್ಪು ಪರದೆ. ಬೆಳಿಗ್ಗೆ ಬಂದವಳು ಮೊದಲು ಫ್ಲಾಪಿಗಳನ್ನು ಒಂದಾದ ಮೇಲೊಂದು ತುರುಕಬೇಕು, ಆಮೇಲಷ್ಟೇ ಅದಕ್ಕೆ ಚೀನೀ ಅಕ್ಷರ ಬರುತ್ತಿತ್ತು. ಅಲ್ಲಿಯವರೆಗೆ ಬರೀ ಇಂಗ್ಲಿಷು. ಅಕ್ಷರದ ತುಂಡುತುಂಡುಗಳನ್ನು ಬೆರಳಲ್ಲೇ ಜೋಡಿಸಿ ಹೊಡೆಯುವ ವಿದ್ಯೆಯನ್ನು ಅವಳು ನಲವತ್ತು ದಿನದಲ್ಲಿ ಕಲಿತಳು. ವಿಂಡೋಸ್ ತೊಂಬತ್ತೈದು ಬಂದಾಗ ಮೌಸ್ ಮುಟ್ಟಲು ಹೆದರಿ ಗಂಡಸರು ದೂರ ನಿಂತಿದ್ದರು. ಪುಸ್ತಕ ಮನೆಗೊಯ್ದು ಓದಿ ಬಂದು ಕಲಿಸಿದವಳು ಇವಳು. ತೊಂಬತ್ತೆಂಟು ಬಂತು, ಎಕ್ಸ್‌ಪಿ ಬಂತು, ಅದರ ಮೇಲೊಂದು ಬಂದದ್ದನ್ನು ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ, ಏಳು ಬಂತು. ಎಂಟನೆಯದು ಬಂದ ದಿನ ಮೂಲೆಯಲ್ಲಿನ ಶುರುಮಾಡುವ ಗುಂಡಿಯೇ ಕಾಣೆಯಾಗಿ, ಇಡೀ ಕಚೇರಿ ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ಮಾಲೀಕ ಕೋ ಅವರು ಆವತ್ತು ಮಧ್ಯಾಹ್ನದವರೆಗೂ ಕಂಪ್ಯೂಟರು ಆರಿಸುವುದು ಹೇಗೆಂದು ತಿಳಿಯದೆ ಕೊನೆಗೆ ಪ್ಲಗ್ಗನ್ನೇ ಕಿತ್ತರು. ಆಗಲೂ ಸುಚೂವನ್ನೇ ಕೂಗಿದರು.

ಪ್ರತಿ ಸಲವೂ ಅವಳನ್ನೇ ಕೂಗಿದರು, ಪ್ರತಿ ಸಲವೂ ಅವಳು ಎದ್ದು ಹೋದಳು. ಅವಳ ಹುದ್ದೆ ಮಾತ್ರ ಸೇರಿದ ದಿನ ಏನಿತ್ತೋ ಅದೇ, ದಾಖಲಾತಿ ಸಹಾಯಕಿ.

ಈಗ ಹಸಿರು ಪೊಟ್ಟಣದ ವಿಷಯ ಹೇಳಬೇಕು. ನಮ್ಮ ಈ ದ್ವೀಪದಲ್ಲಿ ಕಂಪ್ಯೂಟರು, ಲಿಫ್ಟು, ಆಸ್ಪತ್ರೆಯ ಯಂತ್ರ, ಯಾವುದಿದ್ದರೂ ಅದರ ನೆತ್ತಿಯ ಮೇಲೊಂದು ಜೋಳದ ಪುರಿಯ ಪೊಟ್ಟಣ ಇಡುತ್ತಾರೆ. ಮಕ್ಕಳು ತಿನ್ನುವ ಅದೇ ತಿಂಡಿ. ‘ಜಾಣ ಮರಿ, ಹಟ ಮಾಡ್ಬೇಡ’ ಎಂದು ಅದರ ಹೆಸರೇ ಹೇಳುತ್ತದೆ. ಹಸಿರೇ ಆಗಬೇಕು, ಹಳದಿ ಇಟ್ಟರೆ ಯಂತ್ರ ಮೊಂಡು ಹಿಡಿಯುತ್ತದೆ, ಕೆಂಪು ಇಟ್ಟರೆ ಕೇಳಲೇಬೇಡಿ. ಪೊಟ್ಟಣ ಒಡೆಯಕೂಡದು. ಅದರ ಮೇಲೆ ಅಚ್ಚಾದ ಅವಧಿ ಮುಗಿಯುವ ಮುಂಚೆ ಹೊಸದನ್ನಿಟ್ಟು ಹಳೆಯದನ್ನು ಎಲ್ಲರೂ ಹಂಚಿ ತಿನ್ನಬೇಕು. ಕೋ ಅವರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪೊಟ್ಟಣ ತರುವವಳು, ಇಡುವವಳು, ಬದಲಾಯಿಸುವವಳು ಸುಚೂ.

ತಮಾಷೆ ಏನು ಗೊತ್ತೇ? ಅವಳಿಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಮೊದಲ ಸಲ, ಕೆಟ್ಟ ಯಂತ್ರ ಸರಿಮಾಡಲು ಬಂದವನೊಬ್ಬ ಸರಿಮಾಡಲಾಗದೆ ಪೊಟ್ಟಣವೊಂದನ್ನು ಇಟ್ಟು ಬಾಲ ಮುದುರಿಕೊಂಡು ಹೋಗಿದ್ದ. ಸುಚೂ ಬಿದ್ದು ಬಿದ್ದು ನಕ್ಕಿದ್ದಳು. ಆರು ತಿಂಗಳ ಮೇಲೆ ಅದನ್ನು ಬದಲಾಯಿಸಲು ಹೋದಾಗ ಯಂತ್ರದ ಹಿಂದೆ ತಂತಿ ಸಡಿಲವಾಗಿದ್ದದ್ದು, ಫ್ಯಾನಿನಲ್ಲಿ ದೂಳು ಕಟ್ಟಿದ್ದದ್ದು ಕಣ್ಣಿಗೆ ಬಿತ್ತು. ಪೊಟ್ಟಣ ಇಲ್ಲದಿದ್ದರೆ ಆ ಕಡೆ ಯಾರೂ ತಲೆ ಹಾಕುತ್ತಲೇ ಇರಲಿಲ್ಲ. ಆವತ್ತಿನಿಂದ ಅವಳು ಪೊಟ್ಟಣದ ಮುಂದೆ ಎಲ್ಲರಂತೆ ‘ಚೆನ್ನಾಗಿ ಕೆಲಸ ಮಾಡು’ ಎಂದು ಬರೆದಳು. ಹಿಂದೆ, ಯಾರೂ ನೋಡದ ಕಡೆ, ಸಣ್ಣ ಅಕ್ಷರದಲ್ಲಿ ಆ ಯಂತ್ರದ ಜಾತಕ ಬರೆದಳು. ಯಾವ ತೂತಿಗೆ ಯಾವ ತಂತಿ, ಏನನ್ನು ಮುಟ್ಟಬಾರದು, ಮುಟ್ಟಿದರೆ ಏನಾಗುತ್ತದೆ, ಹೇಗೆ ಸರಿಮಾಡಬೇಕು. ಪೊಟ್ಟಣ ಬದಲಾದಾಗ ಹಿಂಬದಿಯನ್ನು ಕತ್ತರಿಸಿ ತೆಗೆದಿಟ್ಟು, ಹೊಸ ಪೊಟ್ಟಣಕ್ಕೆ ನಕಲು ಮಾಡುತ್ತಿದ್ದಳು. ಕತ್ತರಿಸಿದ ತುಂಡುಗಳೆಲ್ಲ ಅವಳ ಕೆಳಗಿನ ಡ್ರಾಯರಿನಲ್ಲಿ, ಶರತ್ಕಾಲದ ಹಬ್ಬದ ಕೇಕ್ ಬಂದಿದ್ದ ತಗಡಿನ ಡಬ್ಬದಲ್ಲಿದ್ದವು.

ಇದನ್ನು ಅವಳು ಗುಟ್ಟಾಗಿಟ್ಟಿದ್ದಳೆಂದು ತಿಳಿಯಬೇಡಿ. ಯಾರೂ ಕೇಳಲಿಲ್ಲ, ಅಷ್ಟೇ. ಹೋದ ವರ್ಷಾಂತ್ಯದ ಔತಣದಲ್ಲಿ ಮಾಲೀಕ ಕೋ ಅವರು ಎದ್ದು ನಿಂತು, “ಈ ವರ್ಷ ಒಂದು ದಿನವೂ ಕಂಪ್ಯೂಟರ್ ಕೈ ಕೊಡ್ಲಿಲ್ಲ. ನಮ್ಮ ಹಸಿರು ಪೊಟ್ಟಣಕ್ಕೆ ಜೈ!” ಎಂದು ಲೋಟ ಎತ್ತಿದರು. ಎಲ್ಲರೂ ನಕ್ಕರು, ಕುಡಿದರು. ಸುಚೂವೂ ನಕ್ಕಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಮಾತ್ರ, ಜೈ ಪೊಟ್ಟಣಕ್ಕಂತೆ ಎಂದು ಅವಳು ಕಿಟಕಿಗೆ ಹೇಳಿಕೊಂಡಳು.

ಶನಿವಾರ ಫಾನ್ ಒಬ್ಬನೇ ಬಂದು ಏಳೂ ಯಂತ್ರಗಳಿಗೆ ಹನ್ನೊಂದನೆಯದನ್ನು ಹಾಕಿದ. ಸುಚೂ ಮನೆಯಲ್ಲಿದ್ದಳು. ಭಾನುವಾರ ಗಂಡ ಆ‑ಕ್ವಾನ್ ತಿಂಡಿಗೆ ಮೊಟ್ಟೆ ರೊಟ್ಟಿ, ಸೋಯಾ ಹಾಲು ತಂದು ಮುಂದಿಟ್ಟ. ದೋಣಿಗಳ ಇಂಜಿನ್ನು ರಿಪೇರಿ ಮಾಡುವವನು ಅವನು, ಮಾತು ಕಡಿಮೆ.

“ಒತ್ತಿ ಕೊಟ್ಬಿಡು,” ಎಂದ. “ನೀನು ಇಷ್ಟು ದಿನ ದುಡ್ದಿದ್ದು ಸಾಕು. ಬೆಳಿಗ್ಗೆ ಎದ್ದು ಇಬ್ರೂ ಮೀನು ಹಿಡಿಯೋಕೆ ಹೋಗೋಣ.”

“ನಿನ್ನ ಮೀನು ನೀನು ಹಿಡ್ಕೋ.”

“ಮತ್ತೆ ಏನ್ ಮಾಡ್ತೀಯಾ? ಬೇಡ ಅಂದೋರ ಮನೇಲಿ ಹೋಗಿ ಕೂತ್ಕೋತೀಯಾ?”

“ಬೇಡ ಅಂತ ಬಾಯ್ಬಿಟ್ಟು ಹೇಳ್ಲಿ, ಎದ್ದು ಬರ್ತೀನಿ. ನನ್ನ ಕೈಲೇ ಬರೆಸ್ಕೊಂಡು, ಆಯಮ್ಮನಿಗೇ ಸಾಕಾಗಿತ್ತು, ಹೋದ್ಳು ಅಂತ ಹೇಳ್ಕೊಂಡು ಓಡಾಡ್ತಾರಲ್ಲ, ಅದಕ್ಕೆ ನಾನು ಸುತಾರಾಂ ಒಪ್ಪಲ್ಲ. ನಂಗೆ ಬರಲ್ಲ ಅಂತ ಬರ್ಕೊಡ್ಬೇಕಂತೆ ಕಣೋ! ನಂಗೆ!”

ಅಷ್ಟು ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಆ‑ಕ್ವಾನ್ ಸೋಯಾ ಹಾಲಿನ ಲೋಟವನ್ನು ಅವಳ ಕಡೆ ಸರಿಸಿದ.

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಸುಚೂ ಮೆಟ್ಟಿಲು ಹತ್ತಿ ಬಂದಾಗ ಕಚೇರಿ ಗುರುತೇ ಸಿಗಲಿಲ್ಲ. ಏಳು ಯಂತ್ರಗಳೂ ಬೋಳುಬೋಳು. ಒಂದರ ತಲೆಯ ಮೇಲೂ ಪೊಟ್ಟಣವಿಲ್ಲ. ಅಡಿಗೆ ಮೂಲೆಯ ಮೇಜಿನ ಮೇಲೆ ದೊಡ್ಡ ಬೋಗುಣಿಯ ತುಂಬ ಜೋಳದ ಪುರಿ ಸುರಿದಿತ್ತು. ಪಕ್ಕದಲ್ಲಿ ‘ಎಲ್ಲರೂ ತಿನ್ನಿ’ ಎಂದು ಚೀಟಿ. ಒಬ್ಬರೂ ಮುಟ್ಟಿರಲಿಲ್ಲ. ಶಿನ್‌ಪೇ ಬೋಗುಣಿಯಿಂದ ದೂರ ಸರಿದು ನಿಂತಿದ್ದಳು.

“ಅಕ್ಕಾ, ಒಡೆದುಬಿಟ್ಟಿದಾರೆ! ಏಳನ್ನೂ!”

“ಖಾಲಿ ಪೊಟ್ಟಣ ಎಲ್ಲಿ?” ಸುಚೂ ಕೇಳಿದ್ದು ಇದೊಂದನ್ನೇ.

ಫಾನ್ ತನ್ನ ಗಾಜಿನ ಕೋಣೆಯಿಂದ ತಲೆ ಹೊರಗೆ ಹಾಕಿದ. “ಶನಿವಾರ ಸಂಜೆ ಕಸದ ಗಾಡಿ ಬಂದಾಗ ಕೊಟ್ಟೆ ಅಕ್ಕ. ಹೊಸ ವ್ಯವಸ್ಥೆ, ಹೊಸ ಶಿಸ್ತು. ಕಚೇರಿ ಅಂದ್ರೆ ಕಚೇರಿ ಹಂಗೆ ಇರ್ಬೇಕು, ದೇವಸ್ಥಾನದ ಹಂಗೆ ಅಲ್ಲ.”

“ಕೊಡೋಕೆ ಮುಂಚೆ ತಿರುಗಿಸಿ ನೋಡಿದ್ರಾ?”

“ಏನನ್ನ?”

“ಏನಿಲ್ಲ ಬಿಡಿ,” ಎಂದು ಸುಚೂ ಹೋಗಿ ಕೂತಳು. ಗಾಜಿನ ಕೆಳಗಿನ ಹಾಳೆ ಅವಳನ್ನೇ ನೋಡುತ್ತಿತ್ತು. ಅವಳು ಡ್ರಾಯರು ಎಳೆದು ಡಬ್ಬ ಇದೆಯೇ ಎಂದು ಮುಟ್ಟಿ ನೋಡಿ, ಮತ್ತೆ ಮುಚ್ಚಿದಳು.

ಆವತ್ತು ಮೂರು ಹಡಗು. ಒಂದರಲ್ಲಿ ಅವೊಮೊರಿಯ ಸೇಬು, ಇನ್ನೊಂದರಲ್ಲಿ ಹೆಪ್ಪುಗಟ್ಟಿಸಿದ ಮೀನು, ಮೂರನೆಯದರಲ್ಲಿ ಯಂತ್ರದ ಬಿಡಿಭಾಗ. ಒಂಬತ್ತು ಗಂಟೆಗೆ ಶಿನ್‌ಪೇ ಮೊದಲ ವಿವರ ಕಳಿಸಿದಳು. ಸುಂಕದ ಕಚೇರಿಯಿಂದ ತಿರಸ್ಕೃತವಾಗಿ ವಾಪಸು ಬಂತು. ಇನ್ನೊಂದು ಕಳಿಸಿದಳು, ಅದೂ ವಾಪಸು. ಹತ್ತು ಗಂಟೆಯ ಹೊತ್ತಿಗೆ ಹದಿನೇಳು ವಾಪಸು ಬಂದಿದ್ದವು. ಮೂರು ಪದರದ ಕಾರ್ಬನ್ ಹಾಳೆ ಮುದ್ರಿಸುವ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಪ್ರತಿ ಪುಟಕ್ಕೆ ಅರ್ಧ ಸಾಲು ಕೆಳಗೆ ಜಾರಿ, ಸರಕಿನ ಹೆಸರಿನ ಜಾಗದಲ್ಲಿ ತೂಕ, ತೂಕದ ಜಾಗದಲ್ಲಿ ಗೆರೆ ಹೊಡೆಯುತ್ತಿತ್ತು. ಗೇಟಿನಿಂದ ಲಾರಿಯವರ ಫೋನು ಒಂದರ ಹಿಂದೊಂದು. ಫಾನ್ ಯಂತ್ರದಿಂದ ಯಂತ್ರಕ್ಕೆ ಓಡಾಡಿದ, ಆರಿಸಿದ, ಹೊತ್ತಿಸಿದ, ಯಾರಿಗೋ ಫೋನು ಮಾಡಿ ಇಂಗ್ಲಿಷಿನಲ್ಲಿ ಬೈದ. ಅವನ ಮೆತ್ತನೆಯ ಮಾತು ಹತ್ತೂವರೆಗೇ ಮುಗಿದುಹೋಗಿತ್ತು.

ಕಚೇರಿಯಲ್ಲಿ ಗುಸುಗುಸು ಶುರುವಾಯಿತು. ಪೊಟ್ಟಣ ಒಡೆದದ್ದಕ್ಕೇ ಹೀಗಾಯಿತು. ಬೇರೆ ಏನು ಕಾರಣ ಇರಲು ಸಾಧ್ಯ? ಮೇಲಿನ ಮಹಡಿಯಿಂದ ಮಾಲೀಕ ಕೋ ಅವರೇ ಇಳಿದು ಬಂದರು. ಬೆವರು ಸುರಿಸುತ್ತ ಮೂಲೆಯಂಗಡಿಗೆ ಓಡಿ ಪೊಟ್ಟಣ ತಂದರು. ಏಳರಲ್ಲಿ ಆರು ಹಸಿರು ಸಿಕ್ಕಿದ್ದವು, ಒಂದು ಹಳದಿ. ಆ ಹಳದಿ ನೋಡಿ ಶಿನ್‌ಪೇ ಹಾವು ಕಂಡವಳ ಹಾಗೆ ಕೂಗಿದಳು.

“ಮಾಲೀಕ್ರೇ, ಹಳದಿ ಒಳಗೆ ತರ್ಬೇಡಿ! ಇರೋದೂ ನಿಂತೋಗುತ್ತೆ!”

“ಇರೋದು ಏನಮ್ಮಾ ನಡೀತಿದೆ ಈಗ?” ಎಂದು ಗೊಣಗಿದರೂ ಅವರು ಹಳದಿಯನ್ನು ಮೆಟ್ಟಿಲಿಗೇ ಇಟ್ಟು ಬಂದರು. ಆರು ಯಂತ್ರಗಳ ಮೇಲೆ ಒಂದೊಂದು ಹಸಿರನ್ನಿಟ್ಟು ಕೈ ಮುಗಿದರು. ಶಿನ್‌ಪೇ ಹದಿನೆಂಟನೆಯದನ್ನು ಕಳಿಸಿದಳು. ವಾಪಸು ಬಂತು.

ಆಗ ಅವರು ಸುಚೂ ಕಡೆ ತಿರುಗಿದರು. ಶುಕ್ರವಾರದಿಂದ ಅವರು ಅವಳ ಮುಖ ನೋಡಿರಲಿಲ್ಲ.

“ಸುಚೂ, ನೀನೇ ಇಡಮ್ಮಾ. ಮೊದ್ಲಿಂದ ನೀನೇ ಇಡ್ತಿದ್ದೋಳು. ನಿನ್ನ ಕೈಗುಣ ಚೆನ್ನಾಗಿದೆ.”

ಸುಚೂ ಎದ್ದಳು. ಕೈಗುಣವಂತೆ. ಆವತ್ತು ಬಸ್ಸಿನ ಕಿಟಕಿಗೆ ಹೇಳಿಕೊಂಡದ್ದನ್ನು ಅವಳು ಈ ಸಲ ಅವರ ಮುಖಕ್ಕೇ ಹೇಳಿದಳು.

“ಈ ಪೊಟ್ಟಣದೊಳಗೆ ಏನಿದೆ ಮಾಲೀಕ್ರೇ?”

“ಅಂದ್ರೆ?”

“ಜೋಳದ ಪುರಿ ಇದೆ. ತೆಂಗಿನಕಾಯಿ ವಾಸನೆ ಹಾಕಿದಾರೆ. ಬೇರೇನೂ ಇಲ್ಲ. ಇಪ್ಪತ್ತೆರಡು ವರ್ಷ ನೀವೆಲ್ಲ ಇದರ ಮುಂದ್ಗಡೆ ನೋಡಿ ಕೈ ಮುಗಿದ್ರಿ, ಜೈ ಅಂದ್ರಿ, ಲೋಟ ಎತ್ತಿದ್ರಿ. ಒಬ್ಬರಾದ್ರೂ ಒಂದೇ ಒಂದ್ಸಲ ತಿರುಗಿಸಿ ಹಿಂದ್ಗಡೆ ನೋಡಿದ್ರಾ?”

ಸುಚೂ ಡ್ರಾಯರು ಎಳೆದು ತಗಡಿನ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ತೆಗೆದಳು. ಹಸಿರು ಅಂಚಿನ ತುಂಡುಗಳು, ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಫಾನ್ ಮೇಲಿನ ಕಟ್ಟಿನಿಂದ ಒಂದನ್ನು ಎಳೆದು ಓದಿದ. ಓದುತ್ತ ಓದುತ್ತ ಅವನ ಕಿವಿ ಕೆಂಪಾಯಿತು.

“ನಾಲ್ಕನೇ ಯಂತ್ರ. ಕ್ಯಾಲೆಂಡರು ಗಣರಾಜ್ಯದ ವರ್ಷದ್ದೇ ಇರಲಿ. ಪಾಶ್ಚಾತ್ಯ ವರ್ಷಕ್ಕೆ ಬದಲಾಯಿಸಿದರೆ…” ಅವನು ನಿಲ್ಲಿಸಿದ. “ಅಯ್ಯೋ.”

ಶನಿವಾರ ಅವನು ಏಳೂ ಯಂತ್ರಗಳಲ್ಲಿ ಶಿಸ್ತಿಗೆಂದು ಎರಡು ಸಾವಿರದ ಇಪ್ಪತ್ತೈದು ಎಂದು ವರ್ಷ ಹಾಕಿದ್ದ. ಸುಂಕದ ವಿವರ ಕಳಿಸುವ ಅವರ ಹಳೇ ತಂತ್ರಾಂಶಕ್ಕೆ ಗೊತ್ತಿದ್ದದ್ದು ಗಣರಾಜ್ಯ ಹುಟ್ಟಿದಂದಿನಿಂದ ಎಣಿಸಿದ ನೂರ ಹದಿನಾಲ್ಕು ಮಾತ್ರ. ಅದು ಯಂತ್ರದ ದಿನಾಂಕವನ್ನು ಹಾಗೇ ಎತ್ತಿಕೊಂಡು ಕಳಿಸುತ್ತಿತ್ತು. ಸುಂಕದ ಕಚೇರಿಯ ಲೆಕ್ಕದಲ್ಲಿ ಆ ಸೇಬು ಬರಲು ಇನ್ನೂ ಸಾವಿರದ ಒಂಬೈನೂರ ಚಿಲ್ಲರೆ ವರ್ಷ ಬೇಕಾಗಿತ್ತು.

“ಇದೆಲ್ಲ ಪೊಟ್ಟಣದ ಹಿಂದೆ ಇತ್ತಾ?” ಎಂದ ಫಾನ್.

“ನೀವು ಕಸದ ಗಾಡಿಗೆ ಕೊಟ್ಟಿದ್ದು ಅದನ್ನೇ. ಇದು ಹೋದ ಏಪ್ರಿಲ್‌ದು, ಆಮೇಲಿಂದು ನನ್ನ ತಲೇಲಿದೆ.”

“ಕೊಡಿ ಅಕ್ಕ, ಬೇಗ ಸರಿ ಮಾಡ್ತೀನಿ,” ಎಂದು ಅವನು ಡಬ್ಬಕ್ಕೆ ಕೈ ಹಾಕಿದ. ಸುಚೂ ಫಟ್ಟನೆ ಮುಚ್ಚಳ ಹಾಕಿದಳು.

“ಕೈ ತೆಗೀರಿ. ನಲವತ್ತಾರು ಅಂಕದೋಳ ಬರಹ ಅದು, ನಿಮಗೆ ಅರ್ಥ ಆಗಲ್ಲ.”

ಶಿನ್‌ಪೇ ಅವಳ ತೋಳು ಹಿಡಿದು ಕಿವಿಯಲ್ಲಿ ಉಸುರಿದಳು. “ಅಕ್ಕಾ, ಈಗ್ಲೇ ಹೇಳಿಬಿಡಿ. ಆ ಹಾಳೆ ಹರಿದು ಹಾಕಿದ್ರೇನೇ ಮುಟ್ಟೋದು ಅಂತ.”

“ಬೇಡೋಕೆ ನಾನೇನು ಭಿಕ್ಷೆಗೆ ಬಂದಿದೀನಾ?” ಸುಚೂ ಗಟ್ಟಿಯಾಗಿಯೇ ಹೇಳಿದಳು, ಮಾಲೀಕರಿಗೂ ಕೇಳಲಿ ಎಂದು. “ಸೇಬು ಏನ್ ತಪ್ಪು ಮಾಡ್ತು, ಗೇಟಲ್ಲಿ ಬಿದ್ದಿರೋಕೆ? ನಾನು ಮಾಡ್ತೀನಿ. ಆದ್ರೆ ಒಂದು ಮಾತು. ಈ ಸಲ ನಾನು ಬರೆಯಲ್ಲ. ನಾನು ಮಾಡ್ತಾ ಹೋಗ್ತೀನಿ, ಹೇಳ್ತಾ ಹೋಗ್ತೀನಿ, ಫಾನ್ ಮ್ಯಾನೇಜರು ನನ್ನ ಹಿಂದೆ ನಿಂತು ಬರ್ಕೊಳ್ಳಲಿ. ಕೈಯಲ್ಲಿ. ಪೊಟ್ಟಣದ ಹಿಂದೆ.”

ಫಾನ್ ಮಾಲೀಕರ ಮುಖ ನೋಡಿದ. ಮಾಲೀಕರು ನೆಲ ನೋಡಿದರು. ಅವನು ಮಾರ್ಕರ್ ತೆಗೆದುಕೊಂಡು ಬಂದು ನಿಂತ.

ಎಲ್ಲರ ವಿವರವೂ ಸುಂಕದ ಕಚೇರಿಗೆ ಹೋಗುವುದು ನಾಲ್ಕನೇ ಯಂತ್ರದ ಮೂಲಕವೇ, ಸುಚೂ ಅದರ ಮುಂದೆ ಕೂತಳು. ಹೊಸ ಪರದೆಯನ್ನು ಅವಳು ಆ ಬೆಳಿಗ್ಗೆಗೆ ಮುಂಚೆ ಪರೀಕ್ಷೆಯ ಕಾಗದದಲ್ಲಿ ಬಿಟ್ಟರೆ ಕಂಡೇ ಇರಲಿಲ್ಲ. ಶುರುವಿನ ಗುಂಡಿ ಮೂಲೆಯಿಂದ ನಡುವಿಗೆ ಬಂದು ಕೂತಿತ್ತು. ಇರಲಿ ಬಿಡು, ನಿನ್ನ ಅಜ್ಜನನ್ನೂ ಮುತ್ತಜ್ಜನನ್ನೂ ಕಂಡವಳು ನಾನು ಎಂದುಕೊಂಡಳು. ಮೌಸನ್ನು ಪಕ್ಕಕ್ಕೆ ತಳ್ಳಿದಳು. ಎರಡು ಕೀಲಿ ಒತ್ತಿದಳು, ಪುಟ್ಟ ಚೌಕ ತೆರೆಯಿತು. ಬೇಕಾದ ಸಲಕರಣೆಯ ಹೆಸರು ಹೊಡೆದಳು, ಹಳೇ ಕಾಲದಿಂದ ಅವಳು ಬಲ್ಲ ಅದೇ ಕಿಟಕಿ ಹೊಸ ಗೋಡೆಯ ಹಿಂದಿನಿಂದ ಎದ್ದು ಬಂತು. ಬೆರಳು ಎಲ್ಲೂ ತಡೆಯಲಿಲ್ಲ. ಫಾನ್‌ನ ಮಾರ್ಕರು ಹಿಂದೆ ಬಿತ್ತು.

“ಸ್ವಲ್ಪ ನಿಧಾನ ಅಕ್ಕ. ಏನ್ ಒತ್ತಿದ್ರಿ ಈಗ?”

“ಪರೀಕ್ಷೇಲಿ ಬರ್ದಿದ್ನಲ್ಲ, ಒಂಬತ್ತನೇ ಪ್ರಶ್ನೆ. ನೀವು ಸೊನ್ನೆ ಹಾಕಿದ್ರಲ್ಲ, ಅದೇ.”

ಹಿಂದೆ ಯಾರೋ ಕಿಸಕ್ಕೆಂದರು. ಫಾನ್ ತುಟಿ ಕಚ್ಚಿ ಬರೆದ. ಅವನ ಕೈಬರಹ ಕೋಳಿ ಕೆದರಿದಂತಿತ್ತು, ಸುಚೂ ಎರಡು ಸಲ ಅಳಿಸಿ ಬರೆಸಿದಳು. ಕ್ಯಾಲೆಂಡರು ನೂರ ಹದಿನಾಲ್ಕಕ್ಕೆ ಬಂತು. ಶಿನ್‌ಪೇ ಹತ್ತೊಂಬತ್ತನೆಯದನ್ನು ಕಳಿಸಿ ಬೆರಳು ಬಾಯಿಗಿಟ್ಟುಕೊಂಡು ಕಾದಳು. ಒಪ್ಪಿಗೆ ಬಂತು. “ಸೇಬು ಹೊರಟ್ವು!” ಎಂದು ಅವಳು ಕೂಗಿದ್ದು ಕೆಳಗಿನ ಸಾರಿನ ಅಂಗಡಿಯವರೆಗೂ ಕೇಳಿಸಿತಂತೆ.

ಆಮೇಲೆ ಎರಡನೇ ಯಂತ್ರ, ಪ್ರಿಂಟರಿನ ಹಾಳೆಯ ಅಳತೆ ಕೈಯಲ್ಲೇ ತುಂಬಬೇಕಾದದ್ದು. ಆಮೇಲೆ ಒಂದನೆಯದು, ಅದು ನಿದ್ದೆ ಹೋದರೆ ಉಳಿದವುಗಳ ಸಂಪರ್ಕ ಕಡಿಯುತ್ತದೆ, ಅದಕ್ಕೆ ನಿದ್ದೆ ಬಿಡಿಸಬೇಕು. ಆರನೆಯದರ ಕಾರ್ಡ್ ರೀಡರನ್ನು ಎಡಗಡೆಯ ಹಿಂದಿನ ತೂತಿಗೇ ಚುಚ್ಚಬೇಕು. ಒಂದೂವರೆಗೆ ಮೂರೂ ಹಡಗಿನ ಕೆಲಸ ಸರಾಗವಾಯಿತು. ಯಾರೂ ಊಟ ಮಾಡಿರಲಿಲ್ಲ. ಶಿನ್‌ಪೇ ಬೋಗುಣಿ ತಂದು ನಡುವೆ ಇಟ್ಟಳು, ಎಲ್ಲರೂ ಆ ಜೋಳದ ಪುರಿಯನ್ನೇ ಮುಕ್ಕಿದರು. ಫಾನ್‌ಗೂ ಒಂದು ಹಿಡಿ ಸಿಕ್ಕಿತು.

“ಅಕ್ಕ,” ಎಂದ ಅವನು ಮೆಲ್ಲಗೆ, “ನೀವು ಇದನ್ನ ಮೊದ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ?”

“ನೀವು ಬಂದು ಎರಡೂವರೆ ತಿಂಗಳಾಯ್ತು ತಮ್ಮಾ. ಪರೀಕ್ಷೆ ಮಾಡಿದ್ರಿ. ಒಂದಿನಾದ್ರೂ ಪಕ್ಕದಲ್ಲಿ ಕೂತು, ಹೆಂಗೆ ಕೆಲ್ಸ ಮಾಡ್ತೀರಾ ಅಂತ ಕೇಳಿದ್ರಾ?”

ಫಾನ್ ಕುರ್ಚಿಯೊಂದನ್ನು ಎಳೆದು ಅವಳ ಪಕ್ಕದಲ್ಲಿ ಕೂತ.

ನಾಲ್ಕೂವರೆಗೆ ಮಾಲೀಕ ಕೋ ಅವರು ಅವಳ ಮೇಜಿನ ಬಳಿ ಬಂದು, ಗಾಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತ ನಿಂತರು. ಇಪ್ಪತ್ತೊಂಬತ್ತು ವರ್ಷದ ಪರಿಚಯ, ಆದರೂ ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ ಅವರಿಗೆ.

“ಸುಚೂ, ಆ ಹಾಳೆ ವಿಷ್ಯ… ಅದೇನೋ ಗಡಿಬಿಡೀಲಿ ಆಗೋಯ್ತು. ಮರ್ತುಬಿಡು.”

“ನಾನ್ಯಾಕೆ ಮರೀಲಿ?”

“ಅಲ್ಲಮ್ಮಾ, ಅದು ಬೇಡ ಈಗ.”

“ಐದಕ್ಕೆ ಮುದ್ರೆ ಒತ್ತಿ ಕೊಡ್ಬೇಕು ಅಂತ ಹೇಳಿದ್ರಿ. ಐದಕ್ಕೆ ಒತ್ತಿ ಕೊಡ್ತೀನಿ. ಹೋಗಿ ಮಾಲೀಕ್ರೇ, ಕೆಲ್ಸ ಇದೆ ನಂಗೆ.”

ಅವರು ಮುಖ ಚಿಕ್ಕದು ಮಾಡಿಕೊಂಡು ನಾಲ್ಕು ಹೆಜ್ಜೆ ಹೋದರು, ಮತ್ತೆ ನಿಂತರು. ಇಡೀ ಕಚೇರಿಗೆ ಕೆಲಸ ಮರೆತುಹೋಯಿತು. ಸುಚೂ ಗಾಜು ಎತ್ತಿ ಹಾಳೆ ತೆಗೆದಳು. ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ, ಸಣ್ಣ ಅಕ್ಷರದಲ್ಲಿ ಬರೆಯತೊಡಗಿದಳು. ಶಿನ್‌ಪೇ ಕಣ್ಣು ತುಂಬಿಕೊಂಡು ಅತ್ತ ನೋಡುತ್ತಿದ್ದಳು. ಗೋಡೆಯ ಗಡಿಯಾರ ಐದು ತೋರಿಸಿದಾಗ ಸುಚೂ ತನ್ನ ಹೆಸರಿನ ಮುದ್ರೆಯನ್ನು ಚೀಲದಿಂದ ತೆಗೆದಳು, ಕೆಂಪು ಶಾಯಿಗೆ ಅದ್ದಿದಳು, ಮೈಯ ಭಾರವೆಲ್ಲ ಹಾಕಿ ಹಾಳೆಯ ಮೇಲೆ ಒತ್ತಿದಳು.

“ಅಕ್ಕಾ, ಬೇಡ!” ಎಂದಳು ಶಿನ್‌ಪೇ.

ಮಾಲೀಕ ಕೋ ಅವರು ಕೈ ಚಾಚಿ ಹಾಳೆ ತೆಗೆದುಕೊಂಡರು. ಮುದ್ರೆಯ ಚೌಕ ಖಾಲಿಯೇ ಇತ್ತು. ಅವರು ಗಲಿಬಿಲಿಗೊಂಡು ಸುಚೂ ಮುಖ ನೋಡಿದರು.

“ತಿರುಗಿಸಿ,” ಎಂದಳು ಸುಚೂ.

ಅವರು ತಿರುಗಿಸಿದರು. ಹಿಂಬದಿಯಲ್ಲಿ ನಾಲ್ಕನೇ ಯಂತ್ರದ ಜಾತಕವಿತ್ತು. ಹನ್ನೊಂದನೆಯದು ಹಾಕಿದ ದಿನ, ಕ್ಯಾಲೆಂಡರಿನ ವಿಷಯ, ಮುಟ್ಟಬಾರದ್ದು ಯಾವುದು, ಮುಟ್ಟಿದರೆ ಏನು ಮಾಡಬೇಕು, ಎಲ್ಲ. ಇಪ್ಪತ್ತೆರಡು ವರ್ಷದ ಯಾವ ಪೊಟ್ಟಣದ ಹಿಂದೆಯೂ ಇರದಿದ್ದ ಒಂದು ಸಾಲು ಕೊನೆಯಲ್ಲಿತ್ತು: ಈ ಏಳು ಯಂತ್ರಗಳನ್ನು ನೋಡಿಕೊಳ್ಳುವವಳು ಯೆನ್ ಸುಚೂ. ಅದರ ಪಕ್ಕದಲ್ಲಿ ಕೆಂಪು ಮುದ್ರೆ ಇನ್ನೂ ಹಸಿಯಾಗಿತ್ತು.

ಮಾಲೀಕರು ಅದನ್ನು ಓದಿದರು. ಮತ್ತೊಂದು ಸಲ ಓದಿದರು. “ಇದು… ಇದನ್ನ ನಾನೇನ್ ಮಾಡ್ಲಿ ಈಗ?” ಎಂದರು.

ಸುಚೂ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ, ಬರಹ ಮೇಲೆ ಬರುವಂತೆ ಮಡಿಸಿ ನಾಲ್ಕನೇ ಯಂತ್ರದ ಮೇಲಿಟ್ಟಳು. ಹಾರಿಹೋಗದಿರಲೆಂದು ಅದರ ಮೇಲೆ ಹಸಿರು ಪೊಟ್ಟಣ ಇಟ್ಟಳು. ಅದರ ಮೇಲಿನ ದಿನಾಂಕವನ್ನು ಬಗ್ಗಿ ಓದಿದಳು.

“ಏಪ್ರಿಲ್‌ವರೆಗೂ ಚೆನ್ನಾಗಿರುತ್ತೆ ಇದು,” ಎಂದಳು. “ಏಪ್ರಿಲ್ಲಲ್ಲೂ ನಾನಿಲ್ಲೇ ಇರ್ತೀನಿ, ನಾನೇ ಬದಲಾಯಿಸ್ತೀನಿ.”

ಚೀಲ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಮೇಲೆ ಅನಾಥವಾಗಿ ಬಿದ್ದಿದ್ದ ಹಳದಿ ಪೊಟ್ಟಣವನ್ನು ಎತ್ತಿಕೊಂಡು, ಒಡೆದು ತಿನ್ನುತ್ತ ಅವಳು ಬ‌ಸ್‌ ನಿಲ್ದಾಣದ ಕಡೆ ನಡೆದಳು.